ಸಂದು ಮೊದಲು, ಗಾಜು ಆಮೇಲೆ

ಯಾರ್ಕ್‌ಶೈರ್‌ನ ಉತ್ತರದ ಅಂಚಿನಲ್ಲಿ, ಮರವೇ ಇಲ್ಲದ ಗುಡ್ಡದ ಮೇಲೆ ಟ್ಯಾನ್ ಹಿಲ್ ಇನ್ ಎಂಬ ಪಬ್ ಇದೆ. ಸಮುದ್ರಮಟ್ಟದಿಂದ 528 ಮೀಟರ್ ಎತ್ತರ. ಬ್ರಿಟನ್ನಿನಲ್ಲಿ ಇದಕ್ಕಿಂತ ಎತ್ತರದಲ್ಲಿ ಇನ್ನೊಂದು ಪಬ್ ಇಲ್ಲ. ಗಾಳಿಗೆ ಅಲ್ಲಿ ತಡೆಯೆಂಬುದೇ ಇಲ್ಲ. 1980ರ ದಶಕದಲ್ಲಿ ಎವರೆಸ್ಟ್ ಎಂಬ ಕಿಟಕಿ ಕಂಪನಿ ಟಿವಿ ಜಾಹೀರಾತಿಗೆ ಆರಿಸಿಕೊಂಡದ್ದು ಈ ಜಾಗವನ್ನೇ. ರೈತರೂ ಆಗಿದ್ದ, ರೇಡಿಯೊ–ಟಿವಿಯ ಪರಿಚಿತ ಮುಖವೂ ಆಗಿದ್ದ ಟೆಡ್ ಮೌಲ್ಟ್ ಹೊಸ ಕಿಟಕಿಯ ಪಕ್ಕ ನಿಂತು ಒಂದು ಹಕ್ಕಿಗರಿಯನ್ನು ಕೈಬಿಡುತ್ತಾರೆ. ಹೊರಗೆ ಗಾಳಿ ಭೋರಿಡುತ್ತಿದ್ದರೂ ಗರಿ ಅತ್ತಿತ್ತ ಆಡದೆ ನೆಟ್ಟಗೆ ಕೆಳಗಿಳಿಯುತ್ತದೆ.

ಆ ಗರಿ ಒಂದು ತಲೆಮಾರಿನ ಬ್ರಿಟಿಷರಿಗೆ ಡಬಲ್ ಗ್ಲೇಜಿಂಗ್, ಅಂದರೆ ಜೋಡಿ ಗಾಜಿನ ಕಿಟಕಿ ಮಾರಿತು. ಆದರೆ ಅದು ತೋರಿಸಿದ್ದೇನು? ಕಿಟಕಿಯ ಸಂದಿನಲ್ಲಿ ಗಾಳಿ ನುಸುಳುತ್ತಿಲ್ಲ ಎಂಬುದನ್ನಷ್ಟೇ. ಗಾಜು ಒಂದೋ ಎರಡೋ ಎಂಬುದು ಗರಿಗೆ ತಿಳಿಯುವ ವಿಷಯವಲ್ಲ. ಒಂಟಿ ಗಾಜಿನ ಹಳೆಯ ಕಿಟಕಿಯ ಸಂದುಗಳನ್ನೇ ನೀಟಾಗಿ ಮುಚ್ಚಿ ಅದರ ಮುಂದೆ ನಿಂತಿದ್ದರೂ ಗರಿ ಹೆಚ್ಚುಕಡಿಮೆ ಹಾಗೆಯೇ ಬೀಳುತ್ತಿತ್ತು. ಜಾಹೀರಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಬಿಲ್ಲಿನಲ್ಲಿ ಸೇರಿಸಿತ್ತು, ಅಷ್ಟೆ. ಹಳೆಯ ಮನೆಯ ಕಿಟಕಿ ಬದಲಿಸಲು ಹೊರಟವರು ಇವತ್ತಿಗೂ ಎಡವುವುದು ಈ ಜಾಗದಲ್ಲೇ.

ಇದನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಸಿಕ್ಕಿದ್ದು ರೆಡಿಂಗ್‌ನಲ್ಲಿ, ಅಕ್ಕನ ಮನೆಯಲ್ಲಿ. ಲಂಡನ್ನಿನಿಂದ ಪಶ್ಚಿಮಕ್ಕೆ ರೈಲಿನಲ್ಲಿ ಅರ್ಧ ಗಂಟೆಯ ಊರು. ಒಂದು ಕಾಲಕ್ಕೆ ಬಿಸ್ಕತ್ತಿಗೆ ಹೆಸರಾಗಿತ್ತು, ಈಗ ಸಾಫ್ಟ್‌ವೇರಿಗೆ. ಹಾಗಾಗಿ ನಮ್ಮವರೂ ಅಲ್ಲಿ ಸಾಕಷ್ಟು ಜನ. ಬಂದ ಹೊಸತರಲ್ಲಿ ಊರಾಚೆಯ ಹೊಸ ಬಡಾವಣೆಯಲ್ಲಿ ಬಾಡಿಗೆಗಿದ್ದು, ಮಕ್ಕಳ ಶಾಲೆ, ಸ್ಟೇಷನ್ನು ಅಂತ ಲೆಕ್ಕ ಹಾಕಿ ಊರೊಳಗಿನ ಹಳೆಯ ಮನೆ ಕೊಳ್ಳುವುದು ಅಲ್ಲಿನ ರೂಢಿ. ಅಕ್ಕ–ಭಾವ ಕೊಂಡದ್ದೂ ಅಂಥದ್ದೇ. ವಿಕ್ಟೋರಿಯಾ ಕಾಲದ, ಗೋಡೆಗೆ ಗೋಡೆ ಅಂಟಿಕೊಂಡ ಕೆಂಪು ಇಟ್ಟಿಗೆಯ ಸಾಲುಮನೆ. ಮುಂಭಾಗದಲ್ಲಿ ಬೀದಿಗೆ ಚಾಚಿಕೊಂಡ ಬೇ ಕಿಟಕಿ, ಮೇಲೆ ಎರಡು ಎತ್ತರದ ಕಿಟಕಿ. ಎಲ್ಲವೂ ಸ್ಯಾಶ್, ಅಂದರೆ ಪಕ್ಕಕ್ಕೆ ತೆರೆಯದೆ ಮೇಲೆ ಕೆಳಗೆ ಜಾರುವಂಥವು. ಚಳಿಗಾಲದಲ್ಲಿ ಬೆಳಗಾಗೆದ್ದರೆ ಗಾಜಿನ ಒಳಮೈಯಲ್ಲಿ ನೀರು ಇಳಿಯುತ್ತಿರುತ್ತದೆ, ಕಟ್ಟೆಯ ಮೇಲೆ ಹಳೆಯ ಟವೆಲ್ಲು ಖಾಯಂ. ಜೋರು ಗಾಳಿ ಬಂದ ರಾತ್ರಿ ಕಿಟಕಿಗಳು ಗಡಗಡ ಅನ್ನುತ್ತವೆ.

ಹೀಗಿರುವಾಗ ಒಬ್ಬ ಸೇಲ್ಸ್‌ಮನ್ ಬಂದ. ಮನೆಯ ಕಿಟಕಿಗಳನ್ನೆಲ್ಲ ಕಿತ್ತು ಬಿಳಿ ಯುಪಿವಿಸಿಯ ಡಬಲ್ ಗ್ಲೇಜಿಂಗ್ ಹಾಕಿಕೊಡುತ್ತೇನೆ, ಈ ಸಂಜೆಯೇ ಸಹಿ ಮಾಡಿದರೆ ಇಷ್ಟು ರಿಯಾಯಿತಿ ಎಂದ. ಬ್ರಿಟನ್ನಿನ ನಗೆನಾಟಕಗಳಲ್ಲಿ ಡಬಲ್ ಗ್ಲೇಜಿಂಗ್ ಮಾರುವವನೆಂದರೆ ಒಂದು ಸಿದ್ಧ ಪಾತ್ರ. ಮನೆ ಬಾಗಿಲಿಗೆ ಬಂದು ಮಾರಿದರೆ 14 ದಿನದೊಳಗೆ ಮನಸ್ಸು ಬದಲಿಸಬಹುದು ಎಂಬ ಕಾನೂನು ಅಲ್ಲಿದೆ. ಆದರೆ ಅಳತೆ ಕೊಟ್ಟು ಮಾಡಿಸುವ ಸಾಮಾನಿಗೆ ಅದು ಅನ್ವಯಿಸುವುದಿಲ್ಲ. ಕಿಟಕಿ ಅಳತೆಗೆ ಮಾಡಿಸುವಂಥದ್ದೇ ಅಲ್ಲವೇ! ಭಾವ ಸಹಿ ಹಾಕಲಿಲ್ಲ. ಜಿಪುಣರೇನಲ್ಲ, ಆದರೆ ಯಾವುದನ್ನೂ ಬಿಚ್ಚಿ ನೋಡದೆ ನಂಬುವವರಲ್ಲ. “ನೋಡಯ್ಯಾ, ಕಿತ್ತು ಹಾಕೋಕೆ ಮುಂಚೆ ಒಳಗೇನಿದೆ ಅಂತ ನೋಡೋಣ” ಅಂದರು. ಮುಂದಿನ ಶನಿವಾರ ಸ್ಯಾಶ್ ರಿಪೇರಿ ಮಾಡುವ ಬಡಗಿಯೊಬ್ಬರನ್ನು ಕರೆಸಿದರು.

ಆತ ಮೊದಲು ಒಳಬದಿಯ ಬೀಡಿಂಗಿನ ಸಂದಿಗೆ ಅಗಲ ಉಳಿ ಇಟ್ಟು ಮೆಲ್ಲಗೆ ಮೀಟಿದರು. ಬಣ್ಣದ ಮೇಲೆ ಬಣ್ಣ ಬಳಿದು ಕಿಟಕಿ ಚೌಕಟ್ಟಿಗೇ ಮೆತ್ತಿಕೊಂಡಿತ್ತು. ಉಜ್ಜುಕಾಗದ ಹಿಡಿದು ಒಣಗಿದ ಬಣ್ಣ ಉಜ್ಜಲೇಬೇಡಿ ಎಂದು ಎಚ್ಚರಿಸಿದರು. ಆ ಕಾಲದ ಬಣ್ಣದಲ್ಲಿ ಸೀಸ ಇರುತ್ತದೆ, ಅದರ ಧೂಳು ಮಕ್ಕಳಿಗೆ ವಿಷ. ಬೀಡಿಂಗ್ ಬಿಟ್ಟುಕೊಂಡ ಮೇಲೆ ಕೆಳಗಿನ ಸ್ಯಾಶ್ ಇಡಿಯಾಗಿ ಕೈಗೆ ಬಂತು. ಎರಡು ಸ್ಯಾಶ್‌ಗಳ ನಡುವಿನ ತೆಳು ಪಟ್ಟಿಯನ್ನು ತೆಗೆದಾಗ ಮೇಲಿನದೂ ಬಂತು. ಆಗ ಕಂಡದ್ದು ಚೌಕಟ್ಟಿನ ಎರಡೂ ಪಕ್ಕ ಗೋಡೆಯೊಳಗೆ ಅಡಗಿದ ಟೊಳ್ಳು ಪೆಟ್ಟಿಗೆ. ಕೆಳಗೆ ಒಂದು ಪುಟ್ಟ ಮುಚ್ಚಳ. ಅದನ್ನು ತೆಗೆದರೆ ಒಳಗೆ ಉದ್ದನೆಯ ಎರಕದ ಕಬ್ಬಿಣದ ಗುಂಡು ಹತ್ತಿಯ ಹಗ್ಗಕ್ಕೆ ನೇತುಬಿದ್ದಿದೆ. ಹಗ್ಗ ಮೇಲಿನ ಹಿತ್ತಾಳೆ ರಾಟೆಯ ಮೇಲೆ ಹಾದು ಸ್ಯಾಶ್‌ನ ಅಂಚಿಗೆ ಬರುತ್ತದೆ. ಗಾಜೂ ಮರವೂ ಸೇರಿ ಎಷ್ಟು ತೂಗುತ್ತವೋ ಎರಡು ಗುಂಡುಗಳೂ ಸೇರಿ ಅಷ್ಟೇ ತೂಗುತ್ತವೆ. ಅದಕ್ಕೇ ಅಷ್ಟು ದೊಡ್ಡ ಕಿಟಕಿಯನ್ನು ಒಂದು ಬೆರಳಲ್ಲಿ ಎತ್ತಬಹುದು, ಎತ್ತಿದಲ್ಲೇ ನಿಲ್ಲುತ್ತದೆ. ಸ್ಪ್ರಿಂಗ್ ಇಲ್ಲ, ಪ್ಲಾಸ್ಟಿಕ್ ಇಲ್ಲ. ಒಂದು ಹಗ್ಗ ಲಡ್ಡಾಗಿತ್ತು, ಉಳಿದವು ಗಟ್ಟಿ.

ಇನ್ನು ಮರ. ಕೆಳಗಿನ ಅಡ್ಡಪಟ್ಟಿಯ ಒಂದು ಮೂಲೆ ಮಾತ್ರ ಬೆರಳಿಗೆ ಮೆತ್ತಗಾಗಿತ್ತು. ಬೇರೆಲ್ಲೂ ಉಳಿಯ ತುದಿ ಇಳಿಯಲಿಲ್ಲ. ವಿಕ್ಟೋರಿಯಾ ಕಾಲದ ಬಹಳಷ್ಟು ಕಿಟಕಿಗಳು ಬಾಲ್ಟಿಕ್ ಸಮುದ್ರದ ದಂಡೆಯ ಕಾಡುಗಳಿಂದ ಬಂದ ಪೈನ್ ಮರದವು. ಅಲ್ಲಿಯ ಚಳಿಗೆ ನಿಧಾನ ಬೆಳೆದ ಮರ, ಉಂಗುರಗಳು ಒತ್ತೊತ್ತಾಗಿರುತ್ತವೆ, ರಾಳ ಹೆಚ್ಚು, ಬೇಗ ಕೊಳೆಯದು. ಇವತ್ತು ಅವಸರದಲ್ಲಿ ಬೆಳೆಸಿದ ಪೈನ್‌ಗೆ ಆ ಆಯುಸ್ಸಿಲ್ಲ. ಒಂದು ಮೂಲೆ ಕೊಯ್ದು ಹೊಸ ತುಂಡು ಕೂರಿಸಿದರೆ ಇನ್ನೊಂದು ತಲೆಮಾರು ನಡೆಯುತ್ತದೆ ಎಂದರು ಬಡಗಿ. ಕಿತ್ತು ಬಿಸಾಡಬೇಕಿದ್ದ ಕಿಟಕಿ ಇದು!

ಈ ಕಿಟಕಿಯ ಆಕಾರಕ್ಕೂ ತೆರಿಗೆಗೂ ಸಂಬಂಧವಿದೆ. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿಗೂ ತೆರಿಗೆಯಿತ್ತು. ತಪ್ಪಿಸಿಕೊಳ್ಳಲು ಜನ ಇಟ್ಟಿಗೆ ಕಟ್ಟಿ ಮುಚ್ಚಿದ ಕಿಟಕಿಗಳು ಇಂದಿಗೂ ಅಲ್ಲಲ್ಲಿ ಕಾಣುತ್ತವೆ. ಗಾಜಿನ ಮೇಲೆ ಬೇರೆ ಸುಂಕವಿತ್ತು, ಅದೂ ತೂಕದ ಲೆಕ್ಕದಲ್ಲಿ. ಹಾಗಾಗಿ ಗಾಜು ಆದಷ್ಟು ತೆಳು, ತುಂಡುಗಳು ಚಿಕ್ಕವು, ನಡುವೆ ಸಪೂರ ಮರದ ಪಟ್ಟಿಗಳು. ಒಂದೊಂದು ಸ್ಯಾಶ್‌ನಲ್ಲಿ ಆರಾರು ಚೌಕದ ಜಾರ್ಜಿಯನ್ ಕಿಟಕಿ ಬಂದದ್ದು ಹೀಗೆ. 1845ರಲ್ಲಿ ಗಾಜಿನ ಸುಂಕ ಹೋಯಿತು, ಆರು ವರ್ಷಕ್ಕೆ ಲಂಡನ್ನಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಎಂಬ ಗಾಜಿನ ಭಾರೀ ಕಟ್ಟಡ ಎದ್ದಿತು, ಮನೆಗಳಿಗೂ ದೊಡ್ಡ ದೊಡ್ಡ ಹಾಳೆಗಾಜು ಬಂತು. ದೊಡ್ಡ ಗಾಜಿನ ಭಾರಕ್ಕೆ ಕೀಲು ಸಡಿಲಾಗದಿರಲೆಂದು ಮೇಲಿನ ಸ್ಯಾಶ್‌ನ ಕೆಳಮೂಲೆಗಳಲ್ಲಿ ಪುಟ್ಟ ಕೊಂಬು ಬಿಡುವ ಪದ್ಧತಿ ಶುರುವಾಯಿತು. ಅಕ್ಕನ ಮನೆಯ ಕಿಟಕಿಗೆ ಆ ಕೊಂಬಿದೆ. ಬೀದಿಯಲ್ಲಿ ನಿಂತೇ ಮನೆಯ ವಯಸ್ಸನ್ನು ಅಂದಾಜು ಮಾಡುವವರು ನೋಡುವುದು ಇದನ್ನು. ಮತ್ತೊಂದು ಗುರುತು ಗಾಜಿನಲ್ಲೇ ಇದೆ. ಸೇಂಟ್ ಹೆಲೆನ್ಸ್ ಊರಿನ ಪಿಲ್ಕಿಂಗ್ಟನ್ ಕಂಪನಿ ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಮಟ್ಟಸ ಮಾಡುವ ವಿಧಾನವನ್ನು ಜಗತ್ತಿಗೆ ಪ್ರಕಟಿಸಿದ್ದು 1959ರಲ್ಲಿ. ಅದಕ್ಕಿಂತ ಹಳೆಯ ಗಾಜಿನಲ್ಲಿ ಎದುರುಮನೆಯ ಚಿಮಣಿ ಸ್ವಲ್ಪ ಬಳುಕಿದಂತೆ ಕಾಣುತ್ತದೆ. ಆ ಬಳುಕು ಹೊಸ ಗಾಜಿಗೆ ಬಾರದು.

ಸರಿ, ಮರ ಚೆನ್ನಾಗಿದೆ. ಆದರೂ ಗಾಜು ಒಂದೇ ತಾನೆ, ಚಳಿ ಬಿಟ್ಟೀತೇ? ಇಲ್ಲಿ ಸ್ವಲ್ಪ ಲೆಕ್ಕ ಬೇಕು.

ಗಾಜು ಶಾಖವನ್ನು ತಡೆಯುವುದೇ ಇಲ್ಲ ಅಂದರೂ ನಡೆಯುತ್ತದೆ. ನಾಲ್ಕು ಮಿಲಿಮೀಟರ್ ಗಾಜಿನ ತಡೆ ಲೆಕ್ಕಕ್ಕೇ ಸಿಗದಷ್ಟು ಅಲ್ಪ. ಒಂಟಿ ಗಾಜಿನ ಕಿಟಕಿಯಲ್ಲಿ ಇರುವ ಅಲ್ಪಸ್ವಲ್ಪ ತಡೆಯೆಲ್ಲ ಗಾಜಿನ ಎರಡೂ ಮೈಗೆ ಅಂಟಿ ನಿಂತ ತೆಳು ಗಾಳಿಯ ಪದರದ್ದು. ಅದನ್ನೆಲ್ಲ ಸೇರಿಸಿದರೆ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರ್‌ನಿಂದ ಸುಮಾರು 5.7 ವಾಟ್ ಶಾಖ ಸೋರುತ್ತದೆ. ಇದನ್ನೇ ಯು–ವ್ಯಾಲ್ಯೂ ಅನ್ನುತ್ತಾರೆ, ಕಡಿಮೆಯಿದ್ದಷ್ಟೂ ಒಳ್ಳೆಯದು. ಎರಡು ಗಾಜಿನ ನಡುವೆ ಅಲುಗಾಡದ ಗಾಳಿ ತುಂಬಿದರೆ ಅದು ಸುಮಾರು 2.8ಕ್ಕೆ ಇಳಿಯುತ್ತದೆ. ಒಂದು ದಪ್ಪ ಕಂಬಳಿಗಿಂತ ಎರಡು ತೆಳು ಹೊದಿಕೆ ಬೆಚ್ಚಗಿರುವುದೂ ಇದೇ ಕಾರಣಕ್ಕೆ. ನಡುವಿನ ಗಾಳಿಯ ಬದಲು ಆರ್ಗಾನ್ ತುಂಬಿ, ಒಂದು ಗಾಜಿನ ಒಳಮೈಗೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಬೆಳ್ಳಿ ಲೇಪಿಸಿದರೆ 1.2ರ ಆಸುಪಾಸು. ಲೇಪ ಯಾಕೆಂದರೆ, ಗಾಜಿನಿಂದ ಗಾಜಿಗೆ ದಾಟುವ ಶಾಖದಲ್ಲಿ ದೊಡ್ಡ ಪಾಲು ಗಾಳಿಯ ಮೂಲಕ ಹೋಗುವುದಲ್ಲ, ಕಿರಣವಾಗಿ ಹೋಗುವುದು. ಬೆಳ್ಳಿ ಆ ಕಿರಣವನ್ನು ಹಿಂದಕ್ಕೆ ಅಟ್ಟುತ್ತದೆ. ನಡುವಿನ ಅಂತರ ಹೆಚ್ಚಿದಷ್ಟೂ ಒಳ್ಳೆಯದು ಅಂತಲೂ ಅಲ್ಲ. ಹದಿನಾರು ಮಿಲಿಮೀಟರ್ ಸುಮಾರಿಗೆ ಲಾಭ ಮುಗಿಯುತ್ತದೆ, ಅದರಾಚೆ ಒಳಗಿನ ಗಾಳಿಯೇ ಸುತ್ತು ಹೊಡೆಯತೊಡಗಿ ಶಾಖ ಹೊತ್ತೊಯ್ಯುತ್ತದೆ.

ಈ ಅಂಕಿಗಳು ಮೈಗೆ ಹೇಗೆ ತಟ್ಟುತ್ತವೆ? ಹೊರಗೆ ಸೊನ್ನೆ ಡಿಗ್ರಿ, ಕೋಣೆಯೊಳಗೆ 20 ಎಂದುಕೊಳ್ಳಿ. ಒಂಟಿ ಗಾಜಿನ ಒಳಮೈ ಸುಮಾರು 5 ಡಿಗ್ರಿಗೆ ಇಳಿದಿರುತ್ತದೆ. ಸಾದಾ ಜೋಡಿ ಗಾಜಿನದು 12ರ ಮೇಲೆ, ಲೇಪವಿರುವ ಹೊಸದರದ್ದು ಸುಮಾರು 17. ಕೋಣೆಯ ಗಾಳಿಯಲ್ಲಿ ಅರ್ಧದಷ್ಟು ತೇವವಿದ್ದರೆ ಅದು ನೀರಾಗಿ ಇಳಿಯುವುದು 9 ಡಿಗ್ರಿಯ ಹತ್ತಿರ. ಒಂಟಿ ಗಾಜು ಬೆವರುವುದೂ ಜೋಡಿ ಗಾಜು ಬೆವರದಿರುವುದೂ ಇದರಿಂದಲೇ. ಥರ್ಮಾಮೀಟರ್ 20 ತೋರಿಸುತ್ತಿದ್ದರೂ ಕಿಟಕಿ ಪಕ್ಕದ ಸೋಫಾದಲ್ಲಿ ಕೂತರೆ ಮೈ ಜುಮ್ಮೆನ್ನುವುದಕ್ಕೂ ಇದೇ ಕಾರಣ. ನಮ್ಮ ಮೈಶಾಖವನ್ನು ಆ ತಣ್ಣಗಿನ ಗಾಜು ಎಳೆದುಕೊಳ್ಳುತ್ತಿರುತ್ತದೆ. ಜೊತೆಗೆ ಗಾಜಿಗೆ ತಾಕಿ ತಣ್ಣಗಾದ ಗಾಳಿ ಕೆಳಗೆ ಜಾರಿ ಕಾಲಿಗೆ ಸುಳಿಯುತ್ತದೆ. ಸಂದಿನಿಂದ ಬಂದ ಗಾಳಿಯೆಂದು ಅದನ್ನೇ ದೂರುವವರುಂಟು. ಆದ್ದರಿಂದ ಎರಡನೆಯ ಗಾಜಿನಿಂದ ಏನೂ ಉಪಯೋಗವಿಲ್ಲ ಎನ್ನುವ ಹಳೆಮನೆ ಪ್ರೇಮಿಗಳ ಮಾತನ್ನೂ ನಾನು ಒಪ್ಪುವುದಿಲ್ಲ. ಉಪಯೋಗ ಇದೆ. ಆದರೆ ಅದನ್ನು ಪಡೆಯಲು ಕಿಟಕಿಯನ್ನೇ ಕೀಳಬೇಕೇ ಎಂಬುದು ಪ್ರಶ್ನೆ.

ಗ್ಲಾಸ್ಗೊ ಕ್ಯಾಲಡೋನಿಯನ್ ವಿಶ್ವವಿದ್ಯಾಲಯದವರು 2008ರ ಸುಮಾರಿಗೆ ಸ್ಕಾಟ್ಲೆಂಡಿನ ಪರಂಪರೆ ಇಲಾಖೆಗಾಗಿ ಒಂದು ಹಳೆಯ ಸ್ಯಾಶ್ ಕಿಟಕಿಯನ್ನು ಪ್ರಯೋಗಶಾಲೆಯಲ್ಲಿ ಕೂರಿಸಿ ಅಳೆದರು. ದಪ್ಪ ಪರದೆ ಎಳೆದರೆ ಗಾಜಿನ ಮೂಲಕ ಸೋರುವ ಶಾಖ 14% ಕಡಿಮೆಯಾಯಿತು. ಒಳಬದಿಯ ಮರದ ಬಾಗಿಲುಗಳನ್ನು ಮುಚ್ಚಿದರೆ 51%. ಹಳೆಯ ಕಿಟಕಿಯನ್ನು ಹಾಗೇ ಬಿಟ್ಟು ಒಳಗಡೆಯಿಂದ ಇನ್ನೊಂದು ಗಾಜಿನ ಚೌಕಟ್ಟು ಕೂರಿಸಿದರೆ 63%. ಇದನ್ನು ಅಲ್ಲಿ ಸೆಕೆಂಡರಿ ಗ್ಲೇಜಿಂಗ್ ಅನ್ನುತ್ತಾರೆ. ಗಾಳಿ ನುಸುಳುವುದರ ಲೆಕ್ಕ ಬೇರೆಯೇ. ಅದೇ ವಿಶ್ವವಿದ್ಯಾಲಯ ಇಂಗ್ಲಿಷ್ ಹೆರಿಟೇಜ್‌ಗಾಗಿ ಮಾಡಿದ ಇನ್ನೊಂದು ಅಧ್ಯಯನದಲ್ಲಿ, ಸಂದುಗಳಿಗೆ ಬ್ರಷ್‌ಪಟ್ಟಿ ಕೂರಿಸಿದ ಮೇಲೆ ನುಸುಳುವ ಗಾಳಿ 86% ಇಳಿಯಿತು. ಟ್ಯಾನ್ ಹಿಲ್‌ನ ಗರಿಗೆ ಬೇಕಾದದ್ದು ಈ ಬ್ರಷ್‌ಪಟ್ಟಿ. ಗಾಜಿಗೆ ಹೋಲಿಸಿದರೆ ಅದರ ಖರ್ಚು ಏನೇನೂ ಅಲ್ಲ. ಬೀಡಿಂಗಿನಲ್ಲಿ ಸಣ್ಣ ಕಾಲುವೆ ತೋಡಿ ಅದರೊಳಗೆ ಪಟ್ಟಿ ತುರುಕುತ್ತಾರೆ, ಹೊರಗೆ ಕಾಣುವುದೂ ಇಲ್ಲ. ಅಕ್ಕನ ಮನೆಯಲ್ಲಿ ಅದನ್ನು ಹಾಕಿಸಿದ ಮೇಲೆ ಗಡಗಡ ಸದ್ದೂ ನಿಂತಿತು.

ಜೋಡಿ ಗಾಜಿನ ಆಯುಸ್ಸಿನ ಬಗ್ಗೆ ಸೇಲ್ಸ್‌ಮನ್ ಬಾಯಿ ಬಿಡುವುದಿಲ್ಲ. ಎರಡು ಗಾಜನ್ನು ಅಂಚಿನಲ್ಲಿ ಸೇರಿಸಿ ಮುಚ್ಚುವ ಕಲ್ಪನೆಗೆ ನ್ಯೂಯಾರ್ಕಿನ ಥಾಮಸ್ ಸ್ಟೆಟ್‌ಸನ್ 1865ರಲ್ಲೇ ಪೇಟೆಂಟ್ ಪಡೆದಿದ್ದ. ಆ ಅಂಚು ನಿಲ್ಲುವ ಹಾಗೆ ಮಾಡಲು ಇನ್ನೂ ಎಷ್ಟೋ ದಶಕ ಹಿಡಿಯಿತು. ಇಂದಿನ ಜೋಡಿ ಗಾಜಿನ ಯೂನಿಟ್‌ನ ಅಂಚನ್ನು ಹತ್ತಿರದಿಂದ ನೋಡಿದರೆ ಎರಡು ಗಾಜಿನ ನಡುವೆ ಒಂದು ಟೊಳ್ಳು ಪಟ್ಟಿ, ಅದರ ಒಳಮೈಯಲ್ಲಿ ಸಾಲಾಗಿ ಸೂಜಿರಂಧ್ರಗಳು. ಪಟ್ಟಿಯೊಳಗೆ ತೇವ ಹೀರುವ ಹರಳು ತುಂಬಿರುತ್ತಾರೆ. ಗಾಜಿಗೂ ಪಟ್ಟಿಗೂ ನಡುವೆ ಕಪ್ಪು ಅಂಟು, ಅದರ ಹೊರಗೆ ಇನ್ನೊಂದು ಅಂಟು. ಬಿಸಿಲು ಚಳಿಗೆ ಹಿಗ್ಗಿ ಕುಗ್ಗಿ ಆ ಅಂಟು ಒಂದು ದಿನ ಬಿಡುತ್ತದೆ. ತೇವ ಒಳಗೆ ಬರುತ್ತದೆ, ಹರಳು ಹೀರುವಷ್ಟು ಹೀರಿ ಕೈಚೆಲ್ಲುತ್ತದೆ. ಆಮೇಲೆ ಎರಡು ಗಾಜಿನ ನಡುವೆ ಮಂಜು ಕಟ್ಟುತ್ತದೆ, ಯಾವ ಬಟ್ಟೆಯಿಂದ ಒರೆಸಿದರೂ ಹೋಗದು. ಯೂನಿಟ್ಟೇ ಬದಲಿಸಬೇಕು. ಇಪ್ಪತ್ತು ವರ್ಷ ಬಂದರೆ ಸಮಾಧಾನ ಪಟ್ಟುಕೊಳ್ಳಬೇಕಾದ ಸಾಮಾನು ಅದು, ಗ್ಯಾರಂಟಿ ಸಾಮಾನ್ಯವಾಗಿ ಹತ್ತು ವರ್ಷದ್ದು. ನೂರು ದಾಟಿದ ಮರದ ಕಿಟಕಿಯನ್ನು ಕಿತ್ತು ಇಪ್ಪತ್ತು ವರ್ಷದ್ದನ್ನು ಕೂರಿಸುವುದು ಎಂಥ ವ್ಯಾಪಾರ?

ಮನೆಯಲ್ಲಿ ಈಗಾಗಲೇ ಇರುವ ಜೋಡಿ ಗಾಜು ಎಂಥದು ಎಂದು ತಿಳಿಯಬೇಕಾದರೆ ಕತ್ತಲಾದ ಮೇಲೆ ಒಂದು ಲೈಟರ್ ಹಚ್ಚಿ ಗಾಜಿನ ಹತ್ತಿರ ಹಿಡಿದು ಓರೆಯಾಗಿ ನೋಡಿ. ನಾಲ್ಕು ಮೈಗೆ ನಾಲ್ಕು ಜ್ವಾಲೆ ಕಾಣುತ್ತವೆ. ಅದರಲ್ಲಿ ಒಂದರ ಬಣ್ಣ ಬೇರೆಯಾಗಿದ್ದರೆ ಬೆಳ್ಳಿಯ ಲೇಪವಿದೆ. ನಾಲ್ಕೂ ಒಂದೇ ಬಣ್ಣವಾದರೆ ಹಳೆಯ ಸಾದಾ ಮಾಲು. ಅಕ್ಕನ ಮನೆಯ ಹಿಂದಿನ ಅಡುಗೆಮನೆಗೆ ಹಿಂದಿನ ಮಾಲೀಕರು ಹಾಕಿಸಿದ್ದು ಸಾದಾದ್ದೇ ಎಂದು ನಮಗೆ ಗೊತ್ತಾದದ್ದು ಹೀಗೆ.

ಹಳೆಯ ಸ್ಯಾಶ್‌ನ ಮರ ಉಳಿಸಿಕೊಂಡು ಅದರೊಳಗೇ ಜೋಡಿ ಗಾಜು ಕೂರಿಸುವುದೂ ಉಂಟು. ಆದರೆ ತೂಕ? ಒಂದು ಚದರ ಮೀಟರ್‌ನ ಮೂರು ಮಿಲಿಮೀಟರ್ ಗಾಜು ಏಳೂವರೆ ಕಿಲೊ ಇದ್ದರೆ, ನಾಲ್ಕರ ಜೋಡಿ ಇಪ್ಪತ್ತು ಕಿಲೊ. ಗೋಡೆಯೊಳಗಿನ ಗುಂಡುಗಳು ಸಾಲುವುದಿಲ್ಲ, ಪೆಟ್ಟಿಗೆಯಲ್ಲಿ ಉದ್ದ ಗುಂಡಿಗೆ ಜಾಗವಿಲ್ಲ. ಕಬ್ಬಿಣ ತೆಗೆದು ಸೀಸದ ಗುಂಡು ಹಾಕುತ್ತಾರೆ, ಅದೇ ಗಾತ್ರಕ್ಕೆ ಒಂದೂವರೆ ಪಟ್ಟು ತೂಗುತ್ತದೆ. ಜಾರ್ಜಿಯನ್ ಕಿಟಕಿಯ ಸಪೂರ ಪಟ್ಟಿಗಳಲ್ಲಿ ಮಾಮೂಲು ಜೋಡಿ ಗಾಜಿಗೆ ಜಾಗವೇ ಇಲ್ಲ. ಎಡಿನ್‌ಬರೊ ನಗರದಲ್ಲಿ ಇಂಥ ಮನೆಗಳಿಗೆಂದೇ ತೆಳು ಯೂನಿಟ್‌ಗಳನ್ನು ಪ್ರಯೋಗ ಮಾಡಿ ನೋಡಿದರು, ನಡುವೆ ಆರ್ಗಾನ್ ಬದಲು ಕ್ರಿಪ್ಟಾನ್‌ನಂಥ ಭಾರದ ಅನಿಲ. ಅದಕ್ಕೂ ತೆಳುವಾದದ್ದು ನಿರ್ವಾತ ಗಾಜು. ಸಿಡ್ನಿ ವಿಶ್ವವಿದ್ಯಾಲಯದಲ್ಲಿ 1980ರ ದಶಕದ ಕೊನೆಗೆ ಮಾಡಿ ತೋರಿಸಿದ್ದನ್ನು 1990ರ ದಶಕದಲ್ಲಿ ಜಪಾನಿನ ನಿಪ್ಪಾನ್ ಶೀಟ್ ಗ್ಲಾಸ್ ಮಾರುಕಟ್ಟೆಗೆ ತಂದಿತು. ಎರಡು ಗಾಜಿನ ನಡುವೆ ಕಾಲು ಮಿಲಿಮೀಟರ್‌ಗೂ ಕಡಿಮೆ ಜಾಗ, ಅದರಲ್ಲಿ ಗಾಳಿಯೇ ಇಲ್ಲ. ಹೊರಗಿನ ಗಾಳಿಯ ಒತ್ತಡಕ್ಕೆ ಎರಡೂ ಅಪ್ಪಳಿಸಿಕೊಳ್ಳದಂತೆ ಅಲ್ಲಲ್ಲಿ ಪುಟಾಣಿ ಕಂಬಗಳು. ಬಗ್ಗಿ ನೋಡಿದರೆ ಚುಕ್ಕಿಗಳಾಗಿ ಕಾಣುತ್ತವೆ. ಒಟ್ಟು ದಪ್ಪ ಆರು ಮಿಲಿಮೀಟರ್ ಚಿಲ್ಲರೆ. ಹಳೆಯ ಸ್ಯಾಶ್‌ಗೆ ಹೇಳಿ ಮಾಡಿಸಿದಂತಿದೆ, ಬೆಲೆಯೊಂದು ಬಿಟ್ಟು.

ಸರ್ಕಾರದ ಅನುಮತಿಯ ವಿಷಯ ಚುಟುಕಾಗಿ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಸಂರಕ್ಷಿತ ಕಟ್ಟಡಗಳ ಪಟ್ಟಿ ನಾಲ್ಕು ಲಕ್ಷದ ಹತ್ತಿರವಿದೆ. ಆ ಪಟ್ಟಿಯಲ್ಲಿರುವ ಮನೆಯ ಕಿಟಕಿಯನ್ನು ಕೇಳದೆ ಬದಲಿಸುವುದು ಕ್ರಿಮಿನಲ್ ಅಪರಾಧ. ಪಟ್ಟಿಯಲ್ಲಿಲ್ಲದಿದ್ದರೂ ಬೀದಿಗೆ ಬೀದಿಯೇ ಸಂರಕ್ಷಿತ ಪ್ರದೇಶವಾಗಿರಬಹುದು, ಅಂಥವು ಸುಮಾರು ಹತ್ತು ಸಾವಿರ. ಅಲ್ಲಿ ಪುರಸಭೆ ಆರ್ಟಿಕಲ್ 4 ಎಂಬ ಆದೇಶ ಹೊರಡಿಸಿದ್ದರೆ ಮುಂಭಾಗದ ಕಿಟಕಿ ಮುಟ್ಟಲೂ ಅರ್ಜಿ ಬೇಕು. ಇವೆರಡೂ ಅಲ್ಲದ ಸಾದಾ ಮನೆಗೆ 2002ರಿಂದ ಕಟ್ಟಡ ನಿಯಮ ಅನ್ವಯಿಸುತ್ತದೆ, ಹೊಸ ಕಿಟಕಿ ಹಾಕಿಸಿದ ಪ್ರಮಾಣಪತ್ರ ಇಟ್ಟುಕೊಳ್ಳಬೇಕು. ಮನೆ ಮಾರುವಾಗ ವಕೀಲರು ಕೇಳುವ ಮೊದಲ ಕಾಗದಗಳಲ್ಲಿ ಅದೂ ಒಂದು.

ಸಂದು ಮುಚ್ಚುವ ಉಮೇದಿನಲ್ಲಿ ಮರೆಯಬಾರದ್ದು ಒಂದಿದೆ. ನಮ್ಮವರ ಅಡುಗೆಯಲ್ಲಿ ಹಬೆ ಜಾಸ್ತಿ. ಅನ್ನ, ಬೇಳೆ, ಇಡ್ಲಿ ಅಂತ ಬೆಳಗಿಂದ ಕುಕ್ಕರು ಕೂಗುತ್ತಲೇ ಇರುತ್ತದೆ. ಬಟ್ಟೆ ಒಣಗಿಸುವುದು ರೇಡಿಯೇಟರ್ ಮೇಲೆ. ಆ ತೇವವನ್ನೆಲ್ಲ ಇಷ್ಟು ದಿನ ಹೊರಗೆ ಸಾಗಿಸುತ್ತಿದ್ದದ್ದು ನಾವು ಬೈದುಕೊಳ್ಳುತ್ತಿದ್ದ ಅದೇ ಸಂದುಗಳು. ಅವನ್ನು ಮುಚ್ಚಿ, ಬೇರೆ ದಾರಿ ಕೊಡದಿದ್ದರೆ ಗಾಜಿನ ಮೇಲೆ ಇಳಿಯುತ್ತಿದ್ದ ನೀರು ಹೋಗಿ ಬೀರುವಿನ ಹಿಂದಿನ ತಣ್ಣನೆಯ ಗೋಡೆಗೆ ಹಿಡಿಯುತ್ತದೆ, ಅಲ್ಲಿ ಕಪ್ಪು ಬೂಷ್ಟು. ಬೂಷ್ಟನ್ನು ಹಗುರವಾಗಿ ಎಣಿಸುವಂತಿಲ್ಲ. ರೋಚ್‌ಡೇಲ್‌ನ ಬಾಡಿಗೆ ಮನೆಯೊಂದರಲ್ಲಿ ಎರಡು ವರ್ಷದ ಅವಾಬ್ ಇಶಾಕ್ ಎಂಬ ಮಗು 2020ರ ಡಿಸೆಂಬರಿನಲ್ಲಿ ತೀರಿಕೊಂಡದ್ದು ಬೂಷ್ಟಿನಿಂದಲೇ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ದುರಸ್ತಿಗೆ ಗಡುವು ಹಾಕುವ ಕಾನೂನು ಆ ಮಗುವಿನ ಹೆಸರಿನಲ್ಲೇ ಬಂತು. 2022ರ ನಂತರ ಹೊಸ ಕಿಟಕಿಯ ತಲೆಯಲ್ಲಿ ಸಣ್ಣ ಗಾಳಿಕಂಡಿ ಇಡಬೇಕೆಂಬ ನಿಯಮ ಬಿಗಿಯಾಗಿದೆ. ಚಳಿ ಬರುತ್ತದೆಂದು ಅದಕ್ಕೆ ಟೇಪು ಹಚ್ಚುವವರನ್ನು ನಾನೇ ನೋಡಿದ್ದೇನೆ. ಭಾವ ಅಡುಗೆಮನೆಯ ಹಬೆ ಎಳೆಯುವ ಫ್ಯಾನು ಬದಲಿಸಿದ್ದು ಕಿಟಕಿಯ ಕೆಲಸ ಶುರುವಾಗುವುದಕ್ಕೂ ಮೊದಲು. ಅಕ್ಕ ಹೇಳಿದ್ದನ್ನು ಅವರು ಪಾಲಿಸಿದ ಅಪರೂಪದ ಸಂದರ್ಭ ಅದು.

ಬೆಂಗಳೂರಿನಲ್ಲೂ ಈಗ ಡಬಲ್ ಗ್ಲೇಜಿಂಗ್ ಮಾತು ಕೇಳುತ್ತದೆ, ಚಳಿಗಲ್ಲ, ಸದ್ದಿಗೆ. ಮಲ್ಲೇಶ್ವರ, ಬಸವನಗುಡಿಯ ಹಳೆಯ ಮನೆಗಳ ಸಾಗುವಾನಿ ಕಿಟಕಿಗಳನ್ನು ಕಿತ್ತು ಜಾರುವ ಯುಪಿವಿಸಿ ಹಾಕಿಸಿಕೊಂಡು, ಬಸ್ಸಿನ ಸದ್ದು ಹಾಗೇ ಇದೆಯಲ್ಲ ಎಂದು ಗೊಣಗುವವರಿದ್ದಾರೆ. ಇರದೆ ಏನು? ಹನ್ನೆರಡು ಮಿಲಿಮೀಟರ್ ಅಂತರದ ಮಾಮೂಲು ಜೋಡಿ ಗಾಜು ಸದ್ದಿನ ಮಟ್ಟಿಗೆ ಒಂಟಿ ಗಾಜಿಗಿಂತ ಒಂದೆರಡು ಡೆಸಿಬಲ್ ಮೇಲು, ಅಷ್ಟೆ. ಬಸ್ಸು ಲಾರಿಗಳ ಗುಡುಗುವ ತಗ್ಗುದನಿಗೆ ಎರಡು ಗಾಜೂ ನಡುವಿನ ಗಾಳಿಯೂ ಸೇರಿ ತಾವೇ ಮಿಡಿಯತೊಡಗುತ್ತವೆ. ಸದ್ದು ಅರ್ಧವಾಯಿತು ಅನ್ನಿಸಬೇಕಾದರೆ ಹತ್ತು ಡೆಸಿಬಲ್ ಇಳಿಯಬೇಕು. ಅದಕ್ಕೆ ಬೇಕಾದದ್ದು ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಗಾಜು, ರಬ್ಬರಿನ ಮೇಲೆ ಒತ್ತಿ ಕೂರುವ ಬಾಗಿಲು, ಮತ್ತು ಎರಡು ಗಾಜಿನ ನಡುವೆ ನಾಲ್ಕು ಇಂಚಿನಷ್ಟು ಜಾಗ. ಹಳೆಯ ಮನೆಯ ದಪ್ಪ ಗೋಡೆಯಲ್ಲಿ ಆ ಜಾಗ ತಾನಾಗಿಯೇ ಇದೆ. ಹೊರಗಿನ ಸಾಗುವಾನಿ ಬಾಗಿಲು, ಸರಳು ಹಾಗೇ ಇರಲಿ, ಒಳಮೈಗೆ ಇನ್ನೊಂದು ಕಿಟಕಿ ಕೂರಿಸಿ. ಜಾರುವ ಕಿಟಕಿಯ ಬ್ರಷ್‌ಪಟ್ಟಿ ಧೂಳು ತಡೆದೀತು, ಸದ್ದು ತಡೆಯದು. ಬಿಸಿಲಿಗೆಂದಾದರೆ ಇದರ ಗೊಡವೆಯೇ ಬೇಡ, ಪಶ್ಚಿಮದ ಕಿಟಕಿಗೆ ಒಳ್ಳೆಯ ಸಜ್ಜಾ ಹಾಕಿಸಿ. ಸದ್ದು ತಡೆಯಲು ಕಿಟಕಿ ಮುಚ್ಚಿದ ಮೇಲೆ ಗಾಳಿ ಎಲ್ಲಿಂದ ಎಂಬ ಪ್ರಶ್ನೆ ಅಲ್ಲೂ ಇದ್ದೇ ಇದೆ. ಉತ್ತರ ಬಹುತೇಕ ಏಸಿ, ಜೊತೆಗೆ ಅದರ ಕರೆಂಟ್ ಬಿಲ್ಲು.

ರೆಡಿಂಗ್ ಮನೆಯಲ್ಲಿ ಕೊನೆಗೆ ತೀರ್ಮಾನವಾದದ್ದು ಕೋಣೆ ಕೋಣೆಗೆ ಒಂದೊಂದು ಥರ. ಮುಂದಿನ ಬೇ ಕಿಟಕಿಯ ಕೊಳೆತ ಮೂಲೆಗೆ ಹೊಸ ಮರ, ಎಲ್ಲ ಹಗ್ಗ ಹೊಸದು, ಸುತ್ತ ಬ್ರಷ್‌ಪಟ್ಟಿ, ಗಾಜು ಹಳೆಯದೇ. ಮಕ್ಕಳು ಮಲಗುವ ಮೇಲಿನ ಕೋಣೆಗಳಿಗೆ ಒಳಗಿನಿಂದ ಸೆಕೆಂಡರಿ ಗ್ಲೇಜಿಂಗ್. ಬೆಂಕಿಗಿಂಕಿ ಬಿದ್ದರೆ ಮಕ್ಕಳೂ ತೆಗೆಯುವಂತಿರಬೇಕು, ಬೀಗದ ನಮೂನೆ ಬೇಡ ಎಂದು ಅಕ್ಕ ಹಟ ಹಿಡಿದಳು. ಹಿಂದಿನ ಅಡುಗೆಮನೆಯ ಮಂಜು ಕಟ್ಟಿದ ಯೂನಿಟ್ ಒಂದನ್ನು, ಚೌಕಟ್ಟು ಹಾಗೇ ಇಟ್ಟುಕೊಂಡು, ಲೇಪದ ಗಾಜಿಗೆ ಬದಲಿಸಿದರು. ಬಚ್ಚಲುಮನೆಯ ಕಿಟಕಿ ಮಾತ್ರ ಪೂರ್ತಿ ಕೊಳೆತಿತ್ತು, ಅದಕ್ಕೆ ಯುಪಿವಿಸಿಯೇ ಬಂತು. ಭಾವನಿಗೆ ಅದು ಇಷ್ಟವಿರಲಿಲ್ಲ. ಮರದ ಹೊಸ ಸ್ಯಾಶ್ ಒಂದಕ್ಕೆ ಸಾವಿರ ಪೌಂಡಿನ ಮೇಲೆ ಹೇಳಿದ್ದರು, ಬಚ್ಚಲಿಗೆ ಅಷ್ಟು ಸುರಿಯಲು ಅಕ್ಕ ಒಪ್ಪಲಿಲ್ಲ. ಉಳಿದ ದುಡ್ಡಲ್ಲಿ ಅಟ್ಟದ ಮೇಲೆ ದಪ್ಪನೆಯ ಉಣ್ಣೆಹಾಸು ಹಾಸಿದರು. ಹಳೆಯ ಮನೆಯಲ್ಲಿ ಶಾಖ ಹೆಚ್ಚು ಹೋಗುವುದು ಚಾವಣಿ, ಗೋಡೆಗಳಿಂದ. ಕಿಟಕಿಯ ಪಾಲು ಅವಕ್ಕಿಂತ ಕಡಿಮೆ. ಅಟ್ಟಕ್ಕೆ ಸೇಲ್ಸ್‌ಮನ್ ಹತ್ತಿ ನೋಡಿರಲೇ ಇಲ್ಲ.